75 ಮೀಟರ್ ಎತ್ತರದ ಕಾಳಗ: ಸ್ಮ್ಯಾಶ್ ಬ್ರದರ್ಸ್‌ನ ಹಳೆಯ ಪರದೆಯಲ್ಲಿ ಗೆಲ್ಲುವುದು

ಅಕ್ಕನ ಮಗ ರಜೆಗೆ ಬಂದಾಗಲೆಲ್ಲ ನಾವಿಬ್ಬರೂ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಎಂಬ ಹೊಡೆದಾಟದ ವಿಡಿಯೋ ಗೇಮ್ ಆಡುತ್ತೇವೆ. ಚಪ್ಪಟೆ ನೆಲದ ಸ್ಟೇಜ್‌ಗಳಲ್ಲಿ (ಸ್ಟೇಜ್ ಎಂದರೆ ಕಾದಾಟದ ಕಣ) ಹತ್ತಕ್ಕೆ ಎಂಟು ಸಲ ಗೆಲ್ಲುವುದು ಅವನೇ. ಆದರೆ 75ಎಂ ಎಂಬ ಸ್ಟೇಜ್ ಆರಿಸಿದರೆ ಲೆಕ್ಕ ತಿರುಗುತ್ತದೆ. ‘ಮಾವ, ಇದು ಬೇಡ, ಬೇರೆ ಹಾಕು’ ಎನ್ನುತ್ತಾನೆ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪಾಠ ಸ್ಮ್ಯಾಶ್ ಬ್ರದರ್ಸ್‌ನಲ್ಲಿ ಇಲ್ಲವೇ ಇಲ್ಲ. ಅದು 1981ರ ಆರ್ಕೇಡ್ ಆಟ ‘ಡಾಂಕಿ ಕಾಂಗ್’ನಲ್ಲಿದೆ. ಶಿಗೆರು ಮಿಯಾಮೊಟೊ ರೂಪಿಸಿದ ಆ ಆಟದಲ್ಲಿ ನಾಲ್ಕು ಪರದೆಗಳು: 25, 50, 75 ಮತ್ತು 100 ಮೀಟರ್. ಮೂರನೆಯದು ಲಿಫ್ಟ್‌ಗಳ ಪರದೆ. 1983ರಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರ ಫ್ಯಾಮಿಕಾಮ್‌ಗೆ ಈ ಆಟ ಬಂದಾಗ 50 ಮೀಟರ್‌ನ ಪರದೆಯನ್ನು ಕೈಬಿಟ್ಟರು. ಹಾಗಾಗಿ ನಮ್ಮ ಊರಿನ ಟಿವಿ ಗೇಮ್ ಕ್ಯಾಸೆಟ್‌ಗಳಲ್ಲಿ ಮೊದಲನೆಯದನ್ನು ದಾಟಿದ ಕೂಡಲೇ ಲಿಫ್ಟ್‌ಗಳು ಎದುರಾಗುತ್ತಿದ್ದವು. ದಾವಣಗೆರೆಯ ಬೇಸಿಗೆ ರಜೆಗಳಲ್ಲಿ, ಕರೆಂಟ್ ಇದ್ದಷ್ಟು ಹೊತ್ತು, ನಾನು ಆ ಪರದೆಯ ಮುಂದೆ ಕುಳಿತಿರುತ್ತಿದ್ದೆ. ಎಡಗಡೆಯ ಲಿಫ್ಟ್ ಮೇಲಕ್ಕೆ, ಬಲಗಡೆಯದು ಕೆಳಕ್ಕೆ. ಮೇಲಿನ ತೊಲೆಯ ಎಡತುದಿಯಲ್ಲಿ ಕಾಂಗ್ ಎಂಬ ದೈತ್ಯ ವಾನರ. ಅವನ ಕಡೆಯಿಂದ ಕುಪ್ಪಳಿಸುತ್ತ ಹೊರಡುವ ಸ್ಪ್ರಿಂಗ್‌ಗಳು ಬಲಕ್ಕೆ ಸಾಗಿ ತೊಲೆ ಮುಗಿದಲ್ಲಿ ನೇರ ಕೆಳಕ್ಕೆ ಬೀಳುತ್ತವೆ. ಏಣಿಗಳ ನಡುವೆ ಬೆಂಕಿಯುಂಡೆಗಳು ಅಡ್ಡಾಡುತ್ತವೆ. ಮೊದಲ ಪರದೆಯಲ್ಲಿ ಕೈಗೆ ಸಿಗುವ ಸುತ್ತಿಗೆ ಇಲ್ಲಿ ಇಲ್ಲ. ನಾವು ಆಡಿಸುವ ಪಾತ್ರ ತನ್ನ ಎತ್ತರಕ್ಕಿಂತ ಹೆಚ್ಚು ಕೆಳಕ್ಕೆ ಬಿದ್ದರೆ ಜೀವ ಹೋಯಿತು. ಓಡಲೂ ಆಗದು, ಹೊಡೆಯಲೂ ಆಗದು. ಕಾದು ನೋಡಿ ಹೆಜ್ಜೆ ಇಡಬೇಕು.

ಸ್ಮ್ಯಾಶ್ ಬ್ರದರ್ಸ್‌ನವರು 2008ರಲ್ಲಿ ಅದೇ ಸರಣಿಯ ‘ಬ್ರಾಲ್’ ಆಟಕ್ಕೆ ಇದೇ ಪರದೆಯನ್ನು ದೊಡ್ಡದು ಮಾಡಿ ತಂದರು. ಅಲ್ಲಿ ಅದು ಆರಂಭದಲ್ಲಿ ಬೀಗ ಹಾಕಿದ ಸ್ಟೇಜ್. 2018ರ ‘ಅಲ್ಟಿಮೇಟ್’ನಲ್ಲಿ ಮೊದಲ ದಿನದಿಂದಲೇ ತೆರೆದಿರುತ್ತದೆ. ತೊಲೆ, ಏಣಿ, ಲಿಫ್ಟ್, ಸ್ಪ್ರಿಂಗ್, ಬೆಂಕಿ, ಕಾಂಗ್ ಎಲ್ಲವೂ ಇವೆ. ನೀವು ಯಾವ ಹೋರಾಟಗಾರರನ್ನು ಆರಿಸಿದರೂ ಎದುರಾಳಿಗಿಂತ ಮೊದಲು ಕಣ್ಣಿಡಬೇಕಾದದ್ದು ಈ ಯಂತ್ರದ ಮೇಲೆ.

ಆದ್ದರಿಂದ ಮೊದಲು ಅಭ್ಯಾಸದ ಪಂದ್ಯ ಇಟ್ಟುಕೊಳ್ಳಿ. ಐದು ನಿಮಿಷದ ಸಮಯ ಹಾಕಿ, ಕಂಪ್ಯೂಟರ್ ಎದುರಾಳಿಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ, ಏನನ್ನೂ ಹೊಡೆಯದೆ ಇಡೀ ಸ್ಟೇಜ್ ಸುತ್ತಿ. ಎಡದ ಲಿಫ್ಟ್ ಹತ್ತಿ ನಡುವಿನ ಅಟ್ಟಕ್ಕೆ ಹಾರಿ. ಅಲ್ಲಿಂದ ಬಲದ ಲಿಫ್ಟ್ ಮೇಲೆ ಇಳಿದು, ಅದು ಕೆಳಗೆ ಒಯ್ಯುವ ಮೊದಲೇ ಆಚೆ ದಾಟಿ. ಸ್ಪ್ರಿಂಗ್ ಬೀಳುವ ಜಾಗದಿಂದ ಎರಡು ಹೆಜ್ಜೆ ದೂರ ನಿಂತು ಒಂದಾದ ಮೇಲೊಂದು ಹತ್ತು ಸ್ಪ್ರಿಂಗ್‌ಗಳನ್ನು ನೋಡಿ. ನೋಡುವುದಷ್ಟೇ ಅಲ್ಲ, ಬಾಯಲ್ಲಿ ಎಣಿಸಿ. ಆರು ಏಳು ಸ್ಪ್ರಿಂಗ್ ಆಗುವಷ್ಟರಲ್ಲಿ ಅದರ ತಾಳ ಮೈಗೆ ಹತ್ತುತ್ತದೆ. ನಮ್ಮ ಹುಡುಗ ಈ ಹಂತವನ್ನು ಬಿಟ್ಟು ನೇರ ಜಗಳಕ್ಕೆ ಇಳಿಯುತ್ತಿದ್ದ. ಮೂರು ರಜೆಗಳ ಕಾಲ ಸೋತದ್ದು ಅದಕ್ಕೇ.

ಎರಡನೆಯದು ಏಣಿ. ಮೇಲೆ ಒತ್ತಿದರೆ ಹತ್ತುತ್ತೀರಿ. ಆದರೆ ಹತ್ತುವಾಗ ಏಟು ತಡೆಯುವ ಶೀಲ್ಡ್ ಹಿಡಿಯಲಾಗದು. ಹಾಗಾಗಿ ಎದುರಾಳಿ ಹತ್ತಿರದಲ್ಲಿದ್ದರೆ ಏಣಿಯನ್ನು ಮುಟ್ಟಲೇಬೇಡಿ, ಎರಡು ಜಿಗಿತಗಳಲ್ಲಿ ಮೇಲಿನ ಅಟ್ಟ ಸೇರಿ. ಏಣಿ ಇರುವುದು ಉಸಿರಾಡಲು ಪುರುಸೊತ್ತಿರುವವರಿಗೆ. ಇದಕ್ಕೆ ತಿರುಗುಮುರುಗಾದ ಲಾಭವೂ ಇದೆ. ಎದುರಾಳಿ ಏಣಿ ಹಿಡಿದದ್ದು ಕಂಡರೆ ಅವನು ಎಲ್ಲಿ ಬಂದು ನಿಲ್ಲುತ್ತಾನೆಂದು ನಿಮಗೆ ಆಗಲೇ ಗೊತ್ತು. ಏಣಿಯ ತಲೆಯಲ್ಲಿ ಕಾದು ನಿಂತು, ಅವನು ಮೇಲೆ ಬಂದ ಕ್ಷಣಕ್ಕೆ ಬಲವಾದ ಹೊಡೆತ ಕೊಡಿ. ನಾನು ಗೆದ್ದ ಪಂದ್ಯಗಳಲ್ಲಿ ಅರ್ಧದಷ್ಟು ಮುಗಿದಿರುವುದು ಏಣಿಯ ತಲೆಯಲ್ಲೇ.

ಇನ್ನು ಎತ್ತರದ ಮಾತು. ಇದನ್ನು ನಿಧಾನವಾಗಿ ಓದಿ, ಈ ಸ್ಟೇಜ್‌ನ ಜೀವವೇ ಇದು. ಸ್ಮ್ಯಾಶ್‌ನಲ್ಲಿ ಏಟು ತಿಂದಷ್ಟೂ ನಿಮ್ಮ ಶೇಕಡಾ ಅಂಕ ಏರುತ್ತದೆ. ಅದು ಏರಿದಷ್ಟೂ ನೀವು ದೂರ ಹಾರುತ್ತೀರಿ. ಪರದೆಯ ಗಡಿ ದಾಟಿದರೆ ಒಂದು ಜೀವ ಹೋಗುತ್ತದೆ. ಮೇಲಿನ ಗಡಿ ಇದ್ದಲ್ಲೇ ಇರುತ್ತದೆ. ಅಂದರೆ ಕೆಳಗಿನ ಅಟ್ಟದಲ್ಲಿ ತಡೆದುಕೊಳ್ಳಬಹುದಾದ ಅದೇ ಮೇಲ್ಮುಖ ಹೊಡೆತ, ಮೇಲಿನ ತೊಲೆಯ ಮೇಲೆ ಬಿದ್ದರೆ ಜೀವ ತೆಗೆಯುತ್ತದೆ. ನಿಮ್ಮ ಶೇಕಡಾ ಹೆಚ್ಚಿದ್ದಾಗ ಕೆಳಗೆ ಇಳಿಯಿರಿ. ಎದುರಾಳಿಯದು ಹೆಚ್ಚಿದ್ದಾಗ ಅವನನ್ನು ಮೇಲೆ ಕರೆದುಕೊಂಡು ಹೋಗಿ. ನೀವು ಮೇಲೆ ನಿಂತು ದೂರದಿಂದ ಒಂದೆರಡು ಬಾಣ ಬಿಟ್ಟರೆ ಸಾಕು, ತಾಳ್ಮೆ ಇಲ್ಲದವನು ತಾನಾಗಿಯೇ ಹತ್ತಿ ಬರುತ್ತಾನೆ.

ಬಾಣ ಎಂದಾಗ ಹೋರಾಟಗಾರರ ಆಯ್ಕೆಯನ್ನೂ ಹೇಳಿಬಿಡುತ್ತೇನೆ. ಲಿಂಕ್ ಅಥವಾ ಸಾಮಸ್, ಅಂದರೆ ದೂರದಿಂದ ಎಸೆಯುವವರು, ಇಲ್ಲಿ ಆರಾಮವಾಗಿರುತ್ತಾರೆ. ಗಾಳಿಯಲ್ಲಿ ಚುರುಕಾಗಿರುವ ಯಾರಾದರೂ ಸರಿ. ಲಿಟಲ್ ಮ್ಯಾಕ್ ಮಾತ್ರ ಬೇಡ. ನೆಲದ ಮೇಲೆ ಅವನಷ್ಟು ಜೋರಿನವರು ಕಡಿಮೆ, ಆದರೆ ಗಾಳಿಗೆ ಎದ್ದರೆ ಅವನ ಕೈ ಸೋಲುತ್ತದೆ, ಮತ್ತು ಇಲ್ಲಿ ನೆಲವೆಂಬುದೇ ತುಂಡು ತುಂಡು.

ಎಡಮೇಲಿನ ಮೂಲೆ ಕಾಂಗ್‌ನದು. ಅವನನ್ನು ಮುಟ್ಟಿದರೆ ಏಟು. ಅಲ್ಲಿ ಹೋಗಿ ಗೆಲ್ಲುವಂಥದ್ದೇನೂ ಇಲ್ಲ. ಎದುರಾಳಿಯನ್ನು ಅತ್ತ ತಳ್ಳಲು ಸಿಕ್ಕಿದರೆ ತಳ್ಳಿ, ಅಷ್ಟೇ. ಸ್ಪ್ರಿಂಗ್‌ಗಳನ್ನೂ ಹೀಗೆಯೇ ಬಳಸಬೇಕು. ಬಲಬದಿಯಲ್ಲಿ ಕಾದಾಡುವಾಗ ಸ್ಪ್ರಿಂಗ್ ಬೀಳುವ ಗೆರೆ ನಿಮ್ಮ ಬೆನ್ನಿಗೆ ಇರದಂತೆ, ಅವನ ಬೆನ್ನಿಗೆ ಇರುವಂತೆ ನಿಲ್ಲಿ. ತಾಳ ನೋಡಿ ಒಂದು ಹೆಜ್ಜೆ ಮುಂದೆ ಒತ್ತಿದರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಉಳಿದದ್ದನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಬೆಂಕಿಯುಂಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಇರುವ ಅಟ್ಟವನ್ನು ಬಿಟ್ಟು ಬೇರೆ ಅಟ್ಟದಲ್ಲಿ ಜಗಳ ಕಾಯಿರಿ.

ತೊಲೆಯ ಮೇಲೆ ನಿಂತಾಗ ಏಟು ಬರುವಂತಿದ್ದರೆ ಶೀಲ್ಡ್‌ಗಿಂತ ಇಳಿಯುವುದೇ ಒಳ್ಳೆಯದು ಎಷ್ಟೋ ಸಲ. ತೆಳು ಅಟ್ಟಗಳ ಮೇಲೆ ಕಂಟ್ರೋಲರ್‌ನ ಸ್ಟಿಕ್ ಅನ್ನು ಕೆಳಗೆ ತಟ್ಟಿದರೆ ಅಟ್ಟ ತೂರಿ ಕೆಳಗಿಳಿಯುತ್ತೀರಿ. ಹಳೆಯ ಆಟದಲ್ಲಿ ಇಷ್ಟು ಬಿದ್ದರೆ ಸಾವು. ಇಲ್ಲಿ ಬೀಳುವುದಕ್ಕೆ ದಂಡವಿಲ್ಲ. ಇದನ್ನು ನನ್ನ ಕೈಗೆ ಒಪ್ಪಿಸಲು ತಿಂಗಳುಗಳೇ ಬೇಕಾದವು, ಏಕೆಂದರೆ ಅಷ್ಟು ಎತ್ತರದಿಂದ ಬೀಳಬಾರದು ಎಂದು ಬೆರಳುಗಳು ಬಾಲ್ಯದಲ್ಲೇ ಕಲಿತಿದ್ದವು.

ಟೂರ್ನಿಗಳಲ್ಲಿ 75ಎಂಗೆ ಜಾಗವಿಲ್ಲ, ಅದು ನ್ಯಾಯವೇ. ಸ್ಟೇಜ್ ದೊಡ್ಡದು, ಪಂದ್ಯದಲ್ಲಿ ಮುನ್ನಡೆಯಲ್ಲಿರುವವನು ಸುತ್ತಿ ಸುತ್ತಿ ಓಡುತ್ತ ಸಮಯ ಕಳೆಯಬಹುದು. ಮನೆಯಲ್ಲಿ ಆಡುವಾಗ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದೇವೆ: ಸಮಯದ ಪಂದ್ಯ ಬೇಡ, ತಲಾ ಎರಡು ಜೀವ, ಗಡಿಯಾರವಿಲ್ಲ. ಓಡಿದವನಿಗೆ ಏನೂ ದಕ್ಕುವುದಿಲ್ಲ. ‘ಅಲ್ಟಿಮೇಟ್’ನಲ್ಲಿ ಸ್ಟೇಜ್‌ನ ಅಪಾಯಗಳನ್ನು ನಿಲ್ಲಿಸಿಡುವ ಆಯ್ಕೆಯೂ ಇದೆ. ದಯವಿಟ್ಟು ಅವನ್ನು ನಿಲ್ಲಿಸಬೇಡಿ. ಸ್ಪ್ರಿಂಗ್ ಇಲ್ಲದ 75ಎಂ ಬರೀ ಏಣಿ ಒರಗಿಸಿದ ಗೋಡೆ.

ಕಳೆದ ದಸರಾ ರಜೆಯಲ್ಲಿ ಹುಡುಗ ಬಂದಾಗ ಮೊದಲ ಎರಡು ನಿಮಿಷ ಹೊಡೆಯಲೇ ಇಲ್ಲ. ಬಲಬದಿಯಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದ. ಎಣಿಸುತ್ತಿದ್ದಾನೆಂದು ನನಗೆ ತಿಳಿಯುವಷ್ಟರಲ್ಲಿ ನನ್ನ ಬೆನ್ನಿಗೆ ಸ್ಪ್ರಿಂಗ್ ಬಂದು ಬಡಿದಿತ್ತು.