ಪಂಚಾಂಗದಲ್ಲಿ ಒಳ್ಳೆಯ ದಿನ: ಪೆನ್ಸಿಲ್ ಹಿಡಿದು ಕೂತರೆ ನೀವೂ ನೋಡಬಹುದು

ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶಕ್ಕೆ ದಿನ ನೋಡುವ ಕೆಲಸ ಒಮ್ಮೆ ನನ್ನ ತಲೆಗೆ ಬಂತು. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತಿರುವಿದೆ. ಒಂದು ಚೌಕದಲ್ಲಿ ‘ತ್ರಯೋದಶಿ’ ಅಂತ ಇತ್ತು. ಭಾನುವಾರ ಬೇರೆ, ಎಲ್ಲರಿಗೂ ರಜೆ. ಫೋನ್ ಮಾಡಿ ಹೇಳಿಯೂ ಬಿಟ್ಟೆ. ಪುರೋಹಿತರು ನೋಡಿ ನಕ್ಕರು. “ತ್ರಯೋದಶಿ ಬೆಳಿಗ್ಗೆ ಏಳೂಮುಕ್ಕಾಲಿಗೇ ಮುಗಿಯುತ್ತೆ. ನೀವು ಹಾಲುಕ್ಕಿಸೋದು ಹನ್ನೊಂದಕ್ಕೆ ಅಲ್ವಾ? ಆಗ ಚತುರ್ದಶಿ. ಸಾಲದ್ದಕ್ಕೆ ಭಾನುವಾರ ಯಾರೂ ಗೃಹಪ್ರವೇಶ ಇಟ್ಟುಕೊಳ್ಳಲ್ಲ.”

ಆಮೇಲೆ ಅವರ ಪಕ್ಕದಲ್ಲೇ ಕೂತು ಕಲಿತೆ. ಅವರು ಒಳ್ಳೆಯ ದಿನ ಹುಡುಕುತ್ತಲೇ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬೇಡದ ದಿನಗಳನ್ನು ಪೆನ್ಸಿಲ್‌ನಿಂದ ಹೊಡೆದು ಹಾಕುತ್ತಾ ಹೋದರು. ಗೃಹಪ್ರವೇಶವನ್ನೇ ಉದಾಹರಣೆಗೆ ಇಟ್ಟುಕೊಂಡು ನಾವೂ ಹಾಗೇ ಮಾಡೋಣ.

ಮೊದಲು ತಿಂಗಳು

ಗೃಹಪ್ರವೇಶಕ್ಕೆ ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ ಒಳ್ಳೆಯ ಮಾಸಗಳು. ಆಷಾಢ, ಪಿತೃಪಕ್ಷ, ಧನುರ್ಮಾಸಗಳನ್ನು ಸೀದಾ ಹೊಡೆದು ಹಾಕಿ. ಅಧಿಕ ಮಾಸವೂ ಬೇಡ. ಚಾಂದ್ರಮಾನ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಬಾಕಿ ಸರಿದೂಗಿಸಲು ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಜಾಸ್ತಿ ಬರುತ್ತದೆ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು, 2026ರಲ್ಲಿ ಜ್ಯೇಷ್ಠ. ಗುರು, ಶುಕ್ರರಲ್ಲಿ ಯಾರಾದರೂ ಅಸ್ತವಾಗಿದ್ದರೆ, ಅಂದರೆ ಸೂರ್ಯನ ಹತ್ತಿರ ಸರಿದು ಕಣ್ಣಿಗೆ ಕಾಣದಿದ್ದರೆ, ಆ ದಿನಗಳೂ ಹೋದವು. ಮೌಢ್ಯ ಅಂತ ಪಂಚಾಂಗದಲ್ಲೇ ಅಚ್ಚಾಗಿರುತ್ತದೆ.

ಆಮೇಲೆ ತಿಥಿ. ಎಡವುವುದು ಇಲ್ಲೇ

ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ತಿಥಿ ಒಮ್ಮೆ 19-20 ಗಂಟೆಗೇ ಮುಗಿಯುತ್ತದೆ, ಒಮ್ಮೆ 26 ಗಂಟೆಯವರೆಗೆ ಎಳೆಯುತ್ತದೆ. ಕ್ಯಾಲೆಂಡರ್ ಚೌಕದಲ್ಲಿ ಇರುವುದು ಸೂರ್ಯ ಹುಟ್ಟುವಾಗಿನ ತಿಥಿ. ಅದರ ಪಕ್ಕದ ಸಣ್ಣ ಅಂಕಿ ಅದು ಮುಗಿಯುವ ಹೊತ್ತು. ನಾನು ನೋಡದೇ ಬಿಟ್ಟದ್ದು ಆ ಅಂಕಿಯನ್ನೇ.

ಪಂಚಾಂಗದ ಪುಸ್ತಕದಲ್ಲಿ ಇದು ಗಂಟೆಯ ಬದಲು ಘಳಿಗೆಯಲ್ಲಿ ಇರಬಹುದು. ಒಂದು ಘಳಿಗೆ 24 ನಿಮಿಷ, 60 ವಿಘಳಿಗೆಗೆ ಒಂದು ಘಳಿಗೆ. ‘ದಶಮಿ 32-30’ ಅಂತ ಇದೆ ಅನ್ನಿ. ಮೂವತ್ತೆರಡೂವರೆಯನ್ನು 24ರಿಂದ ಗುಣಿಸಿದರೆ 780 ನಿಮಿಷ, ಸರಿಯಾಗಿ 13 ಗಂಟೆ. ಸೂರ್ಯ 6:40ಕ್ಕೆ ಹುಟ್ಟಿದ್ದರೆ ದಶಮಿ ಸಂಜೆ 7:40ರವರೆಗೆ ಇದೆ. ಹಗಲಿಡೀ ನಮ್ಮದೇ.

ಚೌತಿ, ನವಮಿ, ಚತುರ್ದಶಿ ರಿಕ್ತಾ ತಿಥಿಗಳು, ಅಂದರೆ ಬರಿದಾದವು, ಹೊಡೆದು ಹಾಕಿ. (ಗಣೇಶ ಬರುವುದು ಚೌತಿಗೆ, ರಾಮ ಹುಟ್ಟಿದ್ದು ನವಮಿಗೆ ಅಂತ ನಾನೂ ವಾದ ಮಾಡಿ ನೋಡಿದೆ. “ಅದು ಹಬ್ಬ ಕಣಯ್ಯಾ, ಇದು ಕಾರ್ಯ” ಅಂದರು.) ಅಮಾವಾಸ್ಯೆ ಬೇಡ. ಸಾಮಾನ್ಯವಾಗಿ ಶುಕ್ಲ ಪಕ್ಷಕ್ಕೇ ಮೊದಲ ಮಣೆ. ವಾರಗಳಲ್ಲಿ ಮಂಗಳವಾರ, ಭಾನುವಾರ ಬಿಡಿ.

ನಕ್ಷತ್ರ ಮತ್ತು ನಿಮ್ಮ ತಾರೆ

ರೋಹಿಣಿ, ಮೃಗಶಿರ, ಚಿತ್ತಾ, ಅನುರಾಧಾ, ರೇವತಿ, ಜೊತೆಗೆ ಮೂರು ಉತ್ತರಾಗಳು (ಉತ್ತರಾ, ಉತ್ತರಾಷಾಢಾ, ಉತ್ತರಾಭಾದ್ರಾ) ಗೃಹಪ್ರವೇಶಕ್ಕೆ ಆಗುತ್ತವೆ. ಇಲ್ಲಿಯವರೆಗಿನ ಲೆಕ್ಕ ಊರಿಗೆಲ್ಲ ಒಂದೇ. ಇನ್ನು ಮುಂದಿನದು ನಿಮಗೆ ಮಾತ್ರ.

ಮನೆ ಯಜಮಾನರದು ಹಸ್ತಾ ನಕ್ಷತ್ರ ಅಂದುಕೊಳ್ಳಿ. ಮಾಘ ಶುದ್ಧ, ಅಂದರೆ ಶುಕ್ಲ ಪಕ್ಷದ, ನವಮಿ ರೋಹಿಣಿ, ಮರುದಿನ ದಶಮಿ ಮೃಗಶಿರ. (ನವಮಿ ಹೇಗೂ ಹೊಡೆದು ಹಾಕಿದ್ದೇ, ಎಣಿಕೆ ಕಲಿಯಲು ಇರಲಿ.) ಹಸ್ತಾವನ್ನು ಒಂದು ಅಂತ ಹಿಡಿದು ಬೆರಳಲ್ಲಿ ಎಣಿಸುತ್ತಾ ಹೋಗಿ. ರೋಹಿಣಿ 19ನೆಯದು. ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ತಾರೆ. ಇಲ್ಲಿ ಉಳಿಯುವುದು 1, ಜನ್ಮ ತಾರೆ, ಬೇಡ. ಮೃಗಶಿರ 20ನೆಯದು. ಉಳಿಯುವುದು 2, ಸಂಪತ್ ತಾರೆ! ಶೇಷ 2, 4, 6, 8 ಬಂದರೆ ಒಳ್ಳೆಯದು. ಶೇಷವೇ ಇಲ್ಲದಿದ್ದರೆ ಅದನ್ನು 9 ಅಂತ ಹಿಡಿಯಬೇಕು, ಅದೂ ಒಳ್ಳೆಯದೇ. 3, 5, 7 ಬಂದರೆ ಬಿಟ್ಟುಬಿಡಿ. ಎಷ್ಟೇ ಚೆಂದದ ರೋಹಿಣಿಯಾದರೂ ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗದಿರುವುದು ಇದಕ್ಕೇ. ಗಂಡ ಹೆಂಡತಿ ಇಬ್ಬರಿಗೂ ಎಣಿಸಿ ನೋಡಿ.

ಚಂದ್ರಬಲ ಅಂತ ಇನ್ನೊಂದಿದೆ. ಅದರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಚಂದ್ರ ನಿಮ್ಮ ರಾಶಿಯಿಂದ ಎಂಟನೆಯ ರಾಶಿಯಲ್ಲಿ ಇರಬಾರದು ಅನ್ನುವುದು. ಸೂರ್ಯ ಚಂದ್ರರ ಸ್ಥಾನ ಕೂಡಿಸಿ ಲೆಕ್ಕ ಹಾಕುವ ಯೋಗಗಳಲ್ಲಿ ವ್ಯತೀಪಾತ, ವೈಧೃತಿ ಬೇಡ. ಅರ್ಧ ತಿಥಿಗೆ ಕರಣ ಅನ್ನುತ್ತಾರೆ, ಅದರಲ್ಲಿ ಭದ್ರಾ ಬೇಡ. ಶುದ್ಧ ದಶಮಿಗೆ ಭದ್ರಾ ಬರುವುದೇ ಇಲ್ಲ, ಹಾಗಾಗಿ ನಮ್ಮ ಲೆಕ್ಕದಲ್ಲಿ ಆ ಚಿಂತೆ ಇಲ್ಲ.

ಕೊನೆಗೆ ಹೊತ್ತು

ಆ ದಶಮಿ ಫೆಬ್ರುವರಿ ಮಧ್ಯದ ಒಂದು ಗುರುವಾರ ಬಂತು ಅನ್ನಿ. ಗುರುವಾರ ರಾಹುಕಾಲ ಒಂದೂವರೆಯಿಂದ ಮೂರು ಅಂತ ಎಲ್ಲರಿಗೂ ಬಾಯಿಪಾಠ. ಅದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಅಂತ ಹಾಕಿದ ಲೆಕ್ಕ. ಆ ಹೊತ್ತಿನಲ್ಲಿ ಬೆಂಗಳೂರಿನ ಹಗಲು ಸುಮಾರು 6:40ರಿಂದ 6:25ರವರೆಗೆ. ಅದನ್ನು ಎಂಟು ಪಾಲು ಮಾಡಿದರೆ ಪಾಲಿಗೆ 88 ನಿಮಿಷ. ಗುರುವಾರಕ್ಕೆ ಆರನೆಯ ಪಾಲು ರಾಹುಕಾಲ. ಅಂದರೆ ಎರಡು ಗಂಟೆಯಿಂದ ಸುಮಾರು ಮೂರೂವರೆ. ಅರ್ಧ ಗಂಟೆ ಆಚೆಗೆ ಸರಿಯಿತು.

ಆ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತಿರುವ ರಾಶಿಯೇ ಲಗ್ನ. ಆ ದಿನ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ವೃಷಭ ಲಗ್ನ ನಡೆಯುತ್ತಿರುತ್ತದೆ. ಅದು ಸ್ಥಿರ ಲಗ್ನ, ಮನೆಗೆ ಬೇಕಾದ್ದೇ. ಹಗಲಿನ ನಟ್ಟನಡುವಿನ ಅಭಿಜಿತ್ ಮುಹೂರ್ತವೂ 12:10ರಿಂದ 12:55ರ ಆಸುಪಾಸಿನಲ್ಲಿ ಸಿಗುತ್ತದೆ. (ಬುಧವಾರ ಮಾತ್ರ ಅಭಿಜಿತ್ ಲೆಕ್ಕಕ್ಕಿಲ್ಲ.) ಹನ್ನೆರಡೂಕಾಲಿಗೆ ಹಾಲು ಒಲೆಯ ಮೇಲಿಡಿ. ಲಗ್ನಶುದ್ಧಿಯನ್ನು, ಅಂದರೆ ಆ ಲಗ್ನಕ್ಕೆ ಗ್ರಹಗಳ ದೋಷ ಇಲ್ಲವೇ ಅನ್ನುವುದನ್ನು, ಮಾತ್ರ ಜೋಯಿಸರೇ ನೋಡಲಿ, ಅದು ಜಾತಕ ಮುಂದಿಟ್ಟುಕೊಂಡು ಮಾಡುವ ಕೆಲಸ.

ಅಮೆರಿಕದಲ್ಲಿರುವ ಮಗಳಿಗೆ ಇದೇ ದಿನವನ್ನು ವಾಟ್ಸ್ಆ್ಯಪ್ ಮಾಡುವ ಮುನ್ನ ತಡೆಯಿರಿ. ನಮ್ಮ ಸಂಜೆ 7:40 ಅಂದರೆ ಸ್ಯಾನ್ ಹೊಸೆಯಲ್ಲಿ ಅದೇ ಗುರುವಾರದ ಬೆಳಿಗ್ಗೆ 6:10. ಅಲ್ಲಿ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ, ಅಷ್ಟರಲ್ಲಿ ದಶಮಿ ಮುಗಿದೇ ಹೋಗಿರುತ್ತದೆ. ಅವರ ಗುರುವಾರ ಏಕಾದಶಿ. ಅವರು ತಮ್ಮ ಊರಿನ ಪಂಚಾಂಗವನ್ನೇ ನೋಡಬೇಕು.

ಇಷ್ಟೆಲ್ಲ ಎಣಿಸಲು ಪುರುಸೊತ್ತಿಲ್ಲವೇ? ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ ಪೂರ್ತಿ, ಬಲಿಪಾಡ್ಯಮಿ ಅರ್ಧ. ಈ ಮೂರೂವರೆ ಮುಹೂರ್ತಕ್ಕೆ ಪಂಚಾಂಗ ತೆರೆಯುವುದೇ ಬೇಡ ಅನ್ನುವುದು ರೂಢಿ. ಅಂಗಡಿ ಪೂಜೆ, ಬಂಗಾರ, ಗಾಡಿ ಇಂಥದ್ದಕ್ಕೆಲ್ಲ ಜನ ಅದನ್ನೇ ಹಿಡಿಯುತ್ತಾರೆ.

ಹಾಂ, ಒಂದರ ಬದಲು ಮೂರು ದಿನ ಗುರುತು ಹಾಕಿಕೊಂಡು ಹೋಗಿ. ಚಿಕ್ಕಪ್ಪನಿಗೆ ಎರಡನೇ ಸಲ ನಾನು ಆರಿಸಿದ ದಿನಕ್ಕೆ ಒಂದೇ ಒಂದು ಕುಂದೂ ಇರಲಿಲ್ಲ. ಅವತ್ತು ಅಡುಗೆಯವರಿಗೆ ಬೇರೆ ಎರಡು ಕಡೆ ಮದುವೆ ಇತ್ತು.