ಬೇರೆ ದೇಶದವರನ್ನು ಮದುವೆ ಆಗುವ ಮುಂಚೆ: ಕಾಗದಪತ್ರ, ವೀಸಾ, ಆರೋಗ್ಯ ತಪಾಸಣೆ

ಸಂಘಕ್ಕೆ ಹೊಸದಾಗಿ ಬಂದ ಕುಟುಂಬಗಳು ಈಗೀಗ ಈ ಪ್ರಶ್ನೆಯನ್ನು ಜಾಸ್ತಿ ಕೇಳುತ್ತಿವೆ. ಹುಡುಗನದೋ ಹುಡುಗಿಯದೋ ಭಾರತದ ಪಾಸ್‌ಪೋರ್ಟ್, ಇನ್ನೊಬ್ಬರದು ಬೇರೆ ದೇಶದ್ದು. ಎಲ್ಲಿಂದ ಶುರು ಮಾಡಬೇಕು?

ಮದುವೆಗೆ ಒಂದು ಕಾನೂನು, ಮದುವೆ ಆದ ಮೇಲೆ ಒಂದೇ ದೇಶದಲ್ಲಿ ಇರುವುದಕ್ಕೆ ಇನ್ನೊಂದು. ಇವೆರಡನ್ನು ಕಲಸಿಕೊಂಡರೆ ಮುಂದೆಲ್ಲ ಗೊಂದಲವೇ. ಮದುವೆ ರಿಜಿಸ್ಟರ್ ಆಯಿತು ಅಂತ ವೀಸಾ ತಾನಾಗಿ ಸಿಗುವುದಿಲ್ಲ. ಹಾಗೆಯೇ ಬ್ರಿಟನ್‌ಗೆ ಮಾಮೂಲಿ ವಿಸಿಟರ್ ವೀಸಾದಲ್ಲಿ ಹೋಗಿ ಮದುವೆ ಆಗುವಂತಿಲ್ಲ, ಅದಕ್ಕೆ ಬೇರೆಯೇ ವೀಸಾ ಇದೆ. ಅಮೆರಿಕಕ್ಕೆ ಕೆ-1 ವೀಸಾದಲ್ಲಿ (ಮದುವೆ ನಿಶ್ಚಯ ಆದವರಿಗೆ ಕೊಡುವ ವೀಸಾ) ಹೋದವರು 90 ದಿನದೊಳಗೆ ಮದುವೆ ಆಗಲೇಬೇಕು.

ಭಾರತದಲ್ಲಿ ಆಗುವುದಾದರೆ 1954ರ ವಿಶೇಷ ವಿವಾಹ ಕಾಯ್ದೆಯೇ ಸಾಮಾನ್ಯ ದಾರಿ. ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ನಡೆಯುತ್ತದೆ. ವಿಶೇಷ ವಿವಾಹ ಕಾಯ್ದೆಯಲ್ಲಾದರೆ ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ ಇನ್ನೂ 30 ದಿನ. ಆಮೇಲೆ ಮೂವರು ಸಾಕ್ಷಿಗಳು. ಎರಡು ವಾರದ ರಜೆಯಲ್ಲಿ ಬಂದು ಮುಗಿಸಿಕೊಂಡು ಹೋಗುತ್ತೇವೆ ಅನ್ನುವವರು ದಯವಿಟ್ಟು ಈ ಲೆಕ್ಕ ನೋಡಿಕೊಂಡೇ ಟಿಕೆಟ್ ತೆಗೆಸಿ. ಹೊರದೇಶದಲ್ಲಿ ಆಗುವುದಾದರೆ ಅಲ್ಲಿನ ಕಾನೂನಿನ ಪ್ರಕಾರ ಆಗಬಹುದು. 1969ರ ವಿದೇಶಿ ವಿವಾಹ ಕಾಯ್ದೆಯ ಪ್ರಕಾರ ಭಾರತೀಯ ದೂತಾವಾಸದಲ್ಲೂ ಅವಕಾಶ ಇದೆ, ಆದರೆ ಆ ದೇಶದ ಕಾನೂನು ಅಡ್ಡ ಬರಬಾರದು. ವರನಿಗೆ 21, ವಧುವಿಗೆ 18 ತುಂಬಿರಬೇಕು.

ನಿಜವಾದ ತಲೆನೋವು ಕಾಗದಪತ್ರದ್ದು. ಅದರಲ್ಲೂ ನಮ್ಮವರ ಹೆಸರು! ಮಾರ್ಕ್ಸ್ ಕಾರ್ಡಿನಲ್ಲಿ ‘ಸುಮಾ ಕೆ. ಎನ್.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಮೂರೂ ಒಬ್ಬಳದೇ ಅಂತ ನಮಗೆ ಗೊತ್ತು, ಹೊರದೇಶದ ರಿಜಿಸ್ಟ್ರಾರ್‌ಗೆ ಹೇಗೆ ಗೊತ್ತಾಗಬೇಕು? ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಿ.

ಮದುವೆ ಆಗಿಲ್ಲ ಅನ್ನುವ ಪ್ರಮಾಣಪತ್ರವನ್ನು ಮಾತ್ರ ಕೊನೆಗೆ ಮಾಡಿಸಿ. ಅದರ ಆಯುಷ್ಯ ಕೆಲವು ತಿಂಗಳು ಅಷ್ಟೇ. ಬೇಗ ತೆಗೆದಿಟ್ಟರೆ ಬೇರೆ ಕಾಗದ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ವಿಚ್ಛೇದನ ಆಗಿದ್ದರೆ ಕೋರ್ಟಿನ ಅಂತಿಮ ಡಿಕ್ರಿ ಬೇಕು.

ಕಾಗದಕ್ಕೆ ಅಪೊಸ್ಟಿಲ್ ಮುದ್ರೆಯೂ ಬೇಕಾಗುತ್ತದೆ, ಅಂದರೆ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳೆಲ್ಲ ಒಪ್ಪುವ ದೃಢೀಕರಣದ ಮುದ್ರೆ. ಭಾರತದಲ್ಲಿ ಇದು 2005ರಿಂದ ಇದೆ, ವಿದೇಶಾಂಗ ಸಚಿವಾಲಯ ಹಾಕಿಕೊಡುತ್ತದೆ. ಚೀನಾ 2023ರಲ್ಲಿ, ಕೆನಡಾ 2024ರಲ್ಲಿ ಈ ಒಪ್ಪಂದಕ್ಕೆ ಬಂದವು, ಹಾಗಾಗಿ ಹಳಬರ ಸಲಹೆ ಈಗ ಅಲ್ಲಿಗೆ ಹೊಂದದೆ ಇರಬಹುದು. ಒಪ್ಪಂದದಲ್ಲಿಲ್ಲದ ದೇಶಗಳಿಗೆ ಅವರವರ ದೂತಾವಾಸದ ದೃಢೀಕರಣ ಬೇಕು.

ಆರೋಗ್ಯ ತಪಾಸಣೆಯಲ್ಲೂ ಮದುವೆಗೆ ಕೇಳುವುದು ಬೇರೆ, ವೀಸಾಕ್ಕೆ ಕೇಳುವುದು ಬೇರೆ. ಮದುವೆಗೇ ರಕ್ತಪರೀಕ್ಷೆ ಕೇಳುವ ದೇಶಗಳಲ್ಲಿ ಸೌದಿ ಅರೇಬಿಯಾ, ಯುಎಇ ಮುಖ್ಯವಾದವು. ಸೌದಿಯಲ್ಲಿ ಸಿಕಲ್ ಸೆಲ್, ಥಲಸ್ಸೀಮಿಯಾ (ಎರಡೂ ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ), ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ನೋಡುತ್ತಾರೆ. ವೀಸಾದ ತಪಾಸಣೆಯನ್ನು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳು ತಾವು ಗೊತ್ತುಮಾಡಿದ ಡಾಕ್ಟರಿಂದಲೇ ಮಾಡಿಸಬೇಕು ಅನ್ನುತ್ತವೆ. ನಿಮ್ಮ ಫ್ಯಾಮಿಲಿ ಡಾಕ್ಟರ್ ಬರೆದ ರಿಪೋರ್ಟ್ ನಡೆಯಲ್ಲ. ಭಾರತದಿಂದ ಬ್ರಿಟನ್‌ಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೋಗುವವರಿಗೆ ಟಿಬಿ ಪರೀಕ್ಷೆ ಕಡ್ಡಾಯ, ಅದರ ಸರ್ಟಿಫಿಕೇಟ್‌ಗೂ ಆರೇ ತಿಂಗಳು ಬೆಲೆ. ಅಮೆರಿಕದ ವಲಸೆ ವೀಸಾಕ್ಕೆ ಲಸಿಕೆ ದಾಖಲೆಯೂ ಬೇಕು. ಅದರಲ್ಲಿ ಬರುವ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು. ಇದನ್ನು ಮುಂಚೆಯೇ ಯೋಚಿಸಿಕೊಳ್ಳಿ.

ಕಾನೂನು ಕೇಳದಿದ್ದರೂ ಥಲಸ್ಸೀಮಿಯಾ ಪರೀಕ್ಷೆ ಮಾಡಿಸಿ ಅಂತಲೇ ನಾವು ಹೇಳುತ್ತೇವೆ. ಇಬ್ಬರೂ ವಾಹಕರಾಗಿದ್ದರೆ (ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಇರುವವರು) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಿಪೋರ್ಟ್ ಮದುವೆ ಆಗುವ ಇಬ್ಬರ ಕೈಯಲ್ಲಿರಲಿ, ನೆಂಟರಿಗೆಲ್ಲ ಸುಮ್ನೆ ಹಂಚುವ ವಿಷಯ ಅಲ್ವಲ್ಲ.

ಮದುವೆ ಆದ ಮೇಲೆ ರಿಜಿಸ್ಟರ್ ಮಾಡಿಸುವುದನ್ನು ಮುಂದೂಡಬೇಡಿ. ವಿದೇಶಿ ಸಂಗಾತಿಗೆ ಒಸಿಐ ಕಾರ್ಡ್ (ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗುವ ಕಾರ್ಡ್) ಬೇಕಾದರೆ ಮದುವೆ ರಿಜಿಸ್ಟರ್ ಆಗಿರಬೇಕು, ಅರ್ಜಿ ಹಾಕುವ ಮುಂಚೆ ಸತತ ಎರಡು ವರ್ಷ ಬಾಳಿರಬೇಕು. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಈ ಕಾರ್ಡ್ ಸಿಗುವುದಿಲ್ಲ. ವಿಚ್ಛೇದನವಾದರೆ ರದ್ದಾಗುತ್ತದೆ.