ಎಚ್‌ಎಸ್‌ಪಿ ಆದ ಮಗುವಿನ ಮೂತ್ರವನ್ನು ಮನೆಯಲ್ಲೇ ನೋಡುವುದು ಹೇಗೆ?

ಕಾಲಿನ ಮೇಲೆ, ಪೃಷ್ಠದ ಮೇಲೆ ಕೆಂಪು-ನೇರಳೆ ಚುಕ್ಕೆ, ಮಂಡಿ ನೋವು, ಹೊಟ್ಟೆ ನೋವು. ಡಾಕ್ಟರ್ ಎಚ್‌ಎಸ್‌ಪಿ (ಹೆನಾಕ್-ಶೋನ್ಲೈನ್ ಪರ್ಪುರಾ) ಅಂತಲೋ ಐಜಿಎ ವ್ಯಾಸ್ಕುಲೈಟಿಸ್ ಅಂತಲೋ ಬರೆದಿರುತ್ತಾರೆ. ಎರಡೂ ಒಂದೇ. ಸಣ್ಣ ರಕ್ತನಾಳಗಳ ಉರಿಯೂತ ಇದು, ಕಿಡ್ನಿಯ ರಕ್ತನಾಳಗಳಿಗೂ ತಗಲಬಹುದು. ಕೆಲವು ವಾರದಲ್ಲಿ ಚುಕ್ಕೆ ಮಾಯ, ಮಗು ಮತ್ತೆ ಆಡಲು ಓಡುತ್ತದೆ, ಎಲ್ಲ ಮುಗಿಯಿತು ಅಂತ ನಾವು ಮೂತ್ರ ಪರೀಕ್ಷೆ ಬಿಟ್ಟುಬಿಡುತ್ತೇವೆ. ದಯವಿಟ್ಟು ಬಿಡಬೇಡಿ. ಕಿಡ್ನಿಗೆ ಪೆಟ್ಟು ಬೀಳುವುದಿದ್ದರೆ ಹೆಚ್ಚಾಗಿ ಮೊದಲ 4ರಿಂದ 6 ವಾರದಲ್ಲಿ, ಕೆಲವರಿಗೆ 6 ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ, ಅದೂ ನೋವಿಲ್ಲದೆ.

ಮೆಡಿಕಲ್ ಶಾಪಿನಲ್ಲಿ ಪ್ರೋಟೀನ್ ಮತ್ತು ರಕ್ತ ಎರಡನ್ನೂ ತೋರಿಸುವ ಮೂತ್ರದ ಸ್ಟ್ರಿಪ್ ಕೇಳಿ. ಸಕ್ಕರೆ ಮಾತ್ರ ತೋರಿಸುವುದು ಬೇಡ. ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಮೂತ್ರವನ್ನೇ ಹಿಡಿಯಿರಿ, ಯಾಕಂದರೆ ಓಡಾಡಿದ ಮೇಲೆ ಕೆಲವು ಆರೋಗ್ಯವಂತ ಮಕ್ಕಳಲ್ಲೂ ಸ್ವಲ್ಪ ಪ್ರೋಟೀನ್ ಬರುತ್ತದೆ. ಸ್ಟ್ರಿಪ್ ಅದ್ದಿ ತಕ್ಷಣ ತೆಗೆಯಿರಿ, ಡಬ್ಬಿ ಮೇಲೆ ಬರೆದಷ್ಟೇ ಸೆಕೆಂಡ್ ಕಾದು ಬಣ್ಣ ಹೋಲಿಸಿ. ತಡವಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಡಬ್ಬಿಯ ಮುಚ್ಚಳ ಕೂಡಲೇ ಹಾಕಿ, ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ.

ಮೊದಲ ತಿಂಗಳು ವಾರಕ್ಕೊಮ್ಮೆ, ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ ನೋಡಿ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ದರೆ ಅದೇ ಸರಿ. ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೋಳಿಗೆ ಸುತ್ತುವ ಬಿಪಿ ಪಟ್ಟಿ ಮಕ್ಕಳ ಅಳತೆಯದ್ದು ಇರುವ ಕ್ಲಿನಿಕ್ಕಿನಲ್ಲಿ ಬಿಪಿಯನ್ನೂ ನೋಡಿಸಿ.

ಒಂದು ದಿನ ಪ್ಲಸ್ ಬಂದರೆ, ಅಂದರೆ ಸ್ಟ್ರಿಪ್ಪಿನ ಬಣ್ಣ ಪ್ರೋಟೀನ್ ಅಥವಾ ರಕ್ತ ಇದೆ ಅಂತ ತೋರಿಸಿದರೆ, ಗಾಬರಿ ಬೇಡ, ಜ್ವರಕ್ಕೂ ಹಾಗಾಗುತ್ತದೆ. ಮಾರನೇ ಬೆಳಗ್ಗೆ ಮತ್ತೆ ನೋಡಿ. ಮತ್ತೆ ಪ್ಲಸ್ ಬಂದರೆ ಡಾಕ್ಟರ್‌ಗೆ ತಿಳಿಸಿ, ಲ್ಯಾಬಿನಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಬೇಕು. ಎರಡು ವರ್ಷ ದಾಟಿದ ಮಗುವಿಗೆ ಅದು 0.2ಕ್ಕಿಂತ ಕಡಿಮೆ ಇರಬೇಕು. ಕಿಡ್ನಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ನಾರ್ಮಲ್ ಇದೆ ಅಂತ ಸುಮ್ನೆ ಕೂರಬೇಡಿ, ಅದು ಏರುವುದೇ ತಡವಾಗಿ. ಇನ್ನೂ ಬೇಗ ಹಿಡಿಯಲು ಕಿಡ್ನಿಗೆ ಪೆಟ್ಟಾದಾಗ ಮೂತ್ರದಲ್ಲಿ ಏರುವ ಎನ್‌ಗ್ಯಾಲ್, ಕಿಮ್-1 ಎಂಬ ಪ್ರೋಟೀನ್‌ಗಳ ಮೇಲೆ ಸಂಶೋಧನೆ ನಡೆದಿದೆ, ಆದರೆ ದಿನನಿತ್ಯದ ಚಿಕಿತ್ಸೆಯಲ್ಲಿ ಅವು ಇನ್ನೂ ರೂಢಿಗೆ ಬಂದಿಲ್ಲ. ನನ್ನ ಮಟ್ಟಿಗೆ, ಅವುಗಳ ಹಿಂದೆ ಓಡುವುದಕ್ಕಿಂತ ಈ ಸ್ಟ್ರಿಪ್ಪನ್ನು ತಪ್ಪದೆ ನೋಡುವುದೇ ಮೇಲು.

ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣಿನ ಸುತ್ತ ಊತ ಬಂದರೆ, ಮೂತ್ರ ಕಡಿಮೆಯಾದರೆ, ತಲೆನೋವು ಜಾಸ್ತಿಯಾದರೆ ಸ್ಟ್ರಿಪ್ ಹುಡುಕುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ, ಆ ನೋಟ್‌ಬುಕ್ಕೂ ಜೊತೆಗಿರಲಿ.